ನಮ್ಮ ಬಯಲಿನ ಚೆಲುವಿಗೆ ಎಷ್ಟು ಅಂಕ?

ಭೂಗೋಳ ಕಲಿಸುತ್ತಿದ್ದ ವರ್ಷಗಳಲ್ಲಿ ಮಳೆ, ಮಣ್ಣು, ಬೆಳೆಗಳನ್ನು ಅಳೆಯುವ ಕ್ರಮವನ್ನು ಹೇಳಿಕೊಟ್ಟೆನೇ ಹೊರತು, ನೆಲದ ಚೆಲುವನ್ನೂ ಅಳೆಯಬಹುದೆಂದು ನಾನು ಹೇಳಿದವನಲ್ಲ. ಅಮೆರಿಕದ ಭೂ ನಿರ್ವಹಣಾ ಇಲಾಖೆಯು ಸರಕಾರಿ ಭೂಮಿಯ ಬಳಕೆಯನ್ನು ಯೋಜಿಸುವಾಗ ಈ ಕೆಲಸವನ್ನು ಮಾಡುತ್ತದೆ. ಅದರ 1986ರ ಕೈಪಿಡಿಯಲ್ಲಿ ಏಳು ಅಂಶಗಳಿವೆ: ನೆಲದ ರೂಪ, ಸಸ್ಯ, ನೀರು, ಬಣ್ಣ, ಸುತ್ತಣ ನೋಟ, ಅಪೂರ್ವತೆ ಮತ್ತು ಮನುಷ್ಯನು ಮಾಡಿದ ಮಾರ್ಪಾಟು. ಮೊದಲ ಆರಕ್ಕೆ ಸಾಮಾನ್ಯವಾಗಿ 5ರ ವರೆಗೆ ಅಂಕ. ಕೊನೆಯದಕ್ಕೆ ಹೆಚ್ಚೆಂದರೆ 2, ನೋಟ ಕೆಟ್ಟಿದ್ದರೆ 4 ಅಂಕ ಕಡಿತ. ಮೊತ್ತ 19 ಅಥವಾ ಅದಕ್ಕೂ ಹೆಚ್ಚಾದರೆ ‘ಎ’ ವರ್ಗ, 12ರಿಂದ 18 ‘ಬಿ’, 11 ಅಥವಾ ಕಡಿಮೆಯಾದರೆ ‘ಸಿ’.

ತಾಂಡೂರಿನ ಫರಸಿಕಲ್ಲಿನ ಗಣಿಗಳಿಗೆ ಈ ಕಡಿತ ತಪ್ಪದು. ಆದರೆ ಹಳೆಯ ಗಣಿಯ ಗುಂಡಿಯಲ್ಲಿ ಮಳೆನೀರು ನಿಂತರೆ ಅದಕ್ಕೆ ನೀರಿನ ಅಂಕವೂ ದೊರೆತೀತು! ಪರೀಕ್ಷಕನು ಎಚ್ಚರದಿಂದಿರಬೇಕು.

ನ್ಯಾಲಕಲ್ ಮತ್ತು ಝರಾಸಂಗಮ ಮಂಡಲಗಳ ಎತ್ತರದ ಹೊಲವೊಂದರಲ್ಲಿ ಪುಷ್ಯಮಾಸದಲ್ಲಿ ನಿಂತು ನಾನೇ ಅಂಕ ಹಾಕಿ ನೋಡಿದೆ. ಬೀದರಿನಿಂದ ಇತ್ತ ಚಾಚಿರುವ ಜಂಬಿಟ್ಟಿಗೆಯ ನೆಲ ಸಮತಟ್ಟು, ರೂಪಕ್ಕೆ 1. ಬಿಳಿಜೋಳ, ಕಡಲೆ, ಕುಸುಬೆಗಳ ಹಸಿರಿಗೆ 3. ದೂರದಲ್ಲಿ ಮಿನುಗುವ ಮಾಂಜ್ರಾ ನದಿಗೆ 3. ಕೆಮ್ಮಣ್ಣಿನ ಮಗ್ಗುಲಲ್ಲೇ ಎರೆಮಣ್ಣು, ಮೇಲೆ ಕುಸುಬೆಯ ಹೂವು. ಬಣ್ಣಕ್ಕೆ ಪೂರ್ಣ 5. ಸುತ್ತಣ ನೋಟಕ್ಕೆ 3, ಅಪೂರ್ವತೆಗೆ 1. ಬದುವಿನ ಬೇವಿನ ಮರಗಳೂ ಬಾವಿಗಳೂ ಮನುಷ್ಯನ ಕೈಗೆಲಸವೇ. ಅವು ನೋಟಕ್ಕೆ ಒಪ್ಪುತ್ತವೆಯಾದ್ದರಿಂದ 2. ಒಟ್ಟು 18. ‘ಎ’ ವರ್ಗಕ್ಕೆ ಒಂದೇ ಅಂಕ ಕಡಿಮೆ. ಕೃಪಾಂಕ ನೀಡುವ ಆಸೆಯನ್ನು ಕಷ್ಟದಿಂದ ತಡೆದುಕೊಂಡೆ.

ವೈಶಾಖದಲ್ಲಿ ಅದೇ ಹೊಲಕ್ಕೆ ಮರಳಿದೆ. ಬೆಳೆಯಿಲ್ಲ: ಸಸ್ಯಕ್ಕೆ 1, ಬಣ್ಣಕ್ಕೆ 3. ನೀರು ಕಣ್ಣಿಗೆ ಬೀಳದು: ಸೊನ್ನೆ. ಒಟ್ಟು 11, ಅಂದರೆ ‘ಸಿ’. ಅಳೆಯುವವನು ಯಾವ ತಿಂಗಳಲ್ಲಿ ಬರುತ್ತಾನೆಂಬುದರ ಮೇಲೆಯೇ ಒಂದು ಊರಿನ ವರ್ಗ ಬದಲಾಗುವುದಾದರೆ, ಆ ತಿಂಗಳನ್ನು ಗೊತ್ತುಮಾಡುವವರು ಯಾರು?

ಈ ಪ್ರಶ್ನೆ ಬರಿಯ ಪಾಠದ್ದಲ್ಲ. 2016ರಲ್ಲಿ ಕೇಂದ್ರದ ಅನುಮೋದನೆ ಪಡೆದ ಜಹೀರಾಬಾದು ರಾಷ್ಟ್ರೀಯ ಹೂಡಿಕೆ ಮತ್ತು ಉತ್ಪಾದನಾ ವಲಯಕ್ಕೆ ಗುರುತಿಸಿದ ಸುಮಾರು 12,600 ಎಕರೆ ಇವೇ ಎರಡು ಮಂಡಲಗಳಲ್ಲಿದೆ. ನಮ್ಮ ದೇಶದ 2006ರ ಪರಿಸರ ಅಧಿಸೂಚನೆಯಲ್ಲಿ ಕಟ್ಟಡ ಕಾಮಗಾರಿಗಳಿಗಾಗಿ ಇರುವ 1ಎ ನಮೂನೆಯು, ಕಟ್ಟಡದಿಂದ ನೋಟಕ್ಕೋ ಭೂದೃಶ್ಯಕ್ಕೋ ಅಡ್ಡಿಯಾಗುವುದೇ ಎಂದು ಕೇಳುತ್ತದೆ. ಅಳೆಯುವ ಅಂಕಪಟ್ಟಿಯನ್ನು ಮಾತ್ರ ಕೊಡುವುದಿಲ್ಲ.

ಉಪಾಧ್ಯಾಯ ಮಿತ್ರರು ಮೇಲ್ತರಗತಿಯ ಮಕ್ಕಳನ್ನು ಒಂದೇ ತಾಣಕ್ಕೆ ಪುಷ್ಯದಲ್ಲೊಮ್ಮೆ, ವೈಶಾಖದಲ್ಲೊಮ್ಮೆ ಕರೆದೊಯ್ಯಲಿ. ಪ್ರತಿಯೊಬ್ಬರೂ ಬೇರೆಬೇರೆಯಾಗಿ ಅಂಕ ಬರೆದು ಆಮೇಲೆ ಹೋಲಿಸಲಿ. ಆ ಹೊಲದಲ್ಲಿ ದುಡಿಯುವವರನ್ನೂ ಒಬ್ಬ ಪರೀಕ್ಷಕರನ್ನಾಗಿ ಕೂರಿಸಿಕೊಳ್ಳಲಿ. ಕೈಪಿಡಿಯ ಏಳು ಅಂಶಗಳಲ್ಲಿ ಇಲ್ಲದ ಎಂಟನೆಯದೊಂದನ್ನು ಅವರು ಹೇಳಿಯಾರು.