ಕಡಿಮೆ ಖರ್ಚಿನ ಬೇಸಿಗೆ ರಜೆ: ಪುಟ್ಟ ಮಕ್ಕಳಿರುವ ಮನೆಗಳಿಗೆ

ಕರ್ನಾಟಕದ ಹೆಚ್ಚಿನ ಶಾಲೆಗಳ ಬೇಸಿಗೆ ರಜೆ ಏಪ್ರಿಲ್ ಎರಡನೇ ವಾರದ ಹೊತ್ತಿಗೆ ಶುರುವಾಗಿ ಮೇ ಕೊನೆಯವರೆಗೆ ಇರುತ್ತದೆ. ನಾಲ್ಕರಿಂದ ಎಂಟು ವರ್ಷದ ಮಕ್ಕಳಿರುವ ಮನೆಯಲ್ಲಿ ಈ ಅವಧಿಯ ಹೆಚ್ಚುವರಿ ಖರ್ಚೆಲ್ಲ ದೊಡ್ಡ ಪ್ರವಾಸದಿಂದಲೇ ಬರುವುದಿಲ್ಲ. ಮಾಲ್‌ನ ಆಟದ ಅಂಗಳ, ಹೊರಬರುವಾಗಿನ ಐಸ್‌ಕ್ರೀಮು, ಬೇಸರ ಕಳೆಯಲೆಂದು ಕೊಂಡ ಆಟಿಕೆ, ಶಿಬಿರದ ಶುಲ್ಕ, ಇಂಥ ಬಿಡಿ ಮೊತ್ತಗಳು ಸೇರಿಕೊಂಡು, ಜೂನ್‌ನಲ್ಲಿ ಪುಸ್ತಕ ಸಮವಸ್ತ್ರ ಕೊಳ್ಳುವ ಹೊತ್ತಿಗೆ ಕೈ ಖಾಲಿಯಾಗಿರುತ್ತದೆ. ಈ ವಯಸ್ಸಿನ ಮಗು ದೊಡ್ಡವರ ಕೆಲಸದಲ್ಲಿ ಪಾಲು ಕೇಳುತ್ತದೆ. ಇಷ್ಟವಾದದ್ದನ್ನು ಮತ್ತೆ ಮತ್ತೆ ಮಾಡುತ್ತದೆ. ಎರಡಕ್ಕೂ ದುಡ್ಡಿಗಿಂತ ಜೊತೆಗೆ ಕೂರುವವರು ಮುಖ್ಯ. ಈ ಲೇಖಕಿಯ ಮನೆಯಲ್ಲಿ ಎರಡು ಮಕ್ಕಳು ಬೆಳೆದ ವರ್ಷಗಳಲ್ಲಿ ಕಂಡದ್ದೂ ಇದೇ.

ಬೇಸಿಗೆಯ ಬಿಸಿಲಿನಲ್ಲಿ ಮಾಡುವ ಸಂಡಿಗೆ, ಹಪ್ಪಳಕ್ಕೆ ಇಲ್ಲಿ ಮೊದಲ ಸ್ಥಾನ ಸಲ್ಲಬೇಕು, ಏಕೆಂದರೆ ಅದು ಮಗುವಿಗೆ ಆಟ, ಮನೆಗೆ ಉಳಿತಾಯ. ಅಕ್ಕಿಯನ್ನು ದಿನಕ್ಕೊಮ್ಮೆ ನೀರು ಬದಲಿಸುತ್ತ ಎರಡು ಮೂರು ದಿನ ನೆನೆಸಿ, ನುಣ್ಣಗೆ ರುಬ್ಬಿ, ಉಪ್ಪು, ಜೀರಿಗೆ, ಹಸಿಮೆಣಸಿನಕಾಯಿ, ಇಂಗು ಹಾಕಿ ಗಟ್ಟಿ ಗಂಜಿಯಂತೆ ಕಾಯಿಸುವವರೆಗೆ ದೊಡ್ಡವರ ಕೆಲಸ. ಹಿಟ್ಟು ಉಗುರುಬೆಚ್ಚಗಾದ ಮೇಲೆ ಮಕ್ಕಳ ಸರದಿ. ಮಹಡಿಯ ಮೇಲೆ ಒದ್ದೆ ಹತ್ತಿ ಪಂಚೆ ಹಾಸಿ, ಚಮಚದಲ್ಲಿ ಸಾಲಾಗಿ ಹಿಟ್ಟು ಇಡುವುದನ್ನು ಅವರಿಗೇ ಬಿಡಬಹುದು. ಆಕಾರ ಸೊಟ್ಟಗಿದ್ದರೂ ಎಣ್ಣೆಯಲ್ಲಿ ಸಂಡಿಗೆ ಅರಳಿಯೇ ಅರಳುತ್ತದೆ. ಬಿಸಿಲೇರುವ ಮೊದಲೇ ಇದು ಮುಗಿಯಬೇಕು. ಕಾಗೆ ಓಡಿಸುವುದಕ್ಕೆ ನೆರಳಿನಲ್ಲಿ ಕೂರಿಸಿದರೆ ಸಾಕು. ಸಂಜೆ ಪಂಚೆಯ ಹಿಂಬದಿಗೆ ನೀರು ಚಿಮುಕಿಸಿ ಒಂದೊಂದೇ ಬಿಡಿಸುವ ಕೆಲಸವನ್ನು ಮಕ್ಕಳು ಯಾರಿಗೂ ಬಿಟ್ಟುಕೊಡುವುದಿಲ್ಲ. ಚೆನ್ನಾಗಿ ಒಣಗಿದ ಸಂಡಿಗೆ ಮಳೆಗಾಲ ದಾಟುವವರೆಗೂ ಇರುತ್ತದೆ, ಅಂಗಡಿಯ ಕುರುಕಲು ತಿಂಡಿಯ ಖರ್ಚು ಅಷ್ಟರ ಮಟ್ಟಿಗೆ ತಗ್ಗುತ್ತದೆ.

ಹನ್ನೊಂದರಿಂದ ನಾಲ್ಕರವರೆಗಿನ ಸುಡುಬಿಸಿಲಿನ ಹೊತ್ತು ಮನೆಯೊಳಗಿನ ಆಟಗಳಿಗೆ. ಹುಣಿಸೆಹಣ್ಣು ಬಿಡಿಸುವಾಗ ಉಳಿಯುವ ಬೀಜವೊಂದಿದ್ದರೆ ಎರಡು ಆಟಕ್ಕೆ ಸಾಮಗ್ರಿ ಸಿಕ್ಕಿತು. ಚೌಕಾಬಾರಕ್ಕೆ ನೆಲದ ಮೇಲೆ ಸೀಮೆಸುಣ್ಣದಿಂದ ಐದಕ್ಕೆ ಐದು, ಒಟ್ಟು 25 ಮನೆ ಬರೆದರಾಯಿತು. ಕವಡೆ ಇಲ್ಲದಿದ್ದರೆ ನಾಲ್ಕು ಹುಣಿಸೆ ಬೀಜದ ಒಂದೊಂದು ಬದಿಯನ್ನು ಕಲ್ಲಿಗೆ ಉಜ್ಜಿ ಬೆಳ್ಳಗೆ ಮಾಡಬೇಕು. ಈ ಉಜ್ಜಾಟದಲ್ಲೇ ಅರ್ಧ ಮಧ್ಯಾಹ್ನ ಕಳೆಯುತ್ತದೆ. ನಾಲ್ಕೂ ಬಿಳಿ ಬಿದ್ದರೆ ನಾಲ್ಕು, ಒಂದೂ ಬೀಳದಿದ್ದರೆ ಎಂಟು. ಇನ್ನೊಂದು ಆಟ ಅಳಗುಳಿ ಮಣೆ, ಕರಾವಳಿಯ ಚೆನ್ನೆಮಣೆ. ಎರಡು ಸಾಲು, ಸಾಲಿಗೆ ಏಳು ಗುಳಿ. ಮಣೆ ಇಲ್ಲದವರು 14 ವೃತ್ತ ಬರೆದುಕೊಂಡರೂ ಆದೀತು. ಗುಲಗಂಜಿಯನ್ನು ಮಾತ್ರ ಮಕ್ಕಳ ಕೈಗೆ ಕೊಡಬಾರದು, ಅಗಿದರೆ ಅದು ವಿಷ. ಮೂರು ವರ್ಷದೊಳಗಿನ ಮಗು ಮನೆಯಲ್ಲಿದ್ದರೆ ಯಾವ ಬೀಜವೂ ಕೈಗೆಟುಕುವಂತೆ ಇರಕೂಡದು.

ಸಂಜೆ ಕುಂಟೆಬಿಲ್ಲೆ, ಲಗೋರಿ. ರಸ್ತೆಬದಿಯ ಗುಲ್‌ಮೊಹರ್ ಈ ತಿಂಗಳುಗಳಲ್ಲೇ ಹೂಬಿಡುವುದರಿಂದ, ಬಿದ್ದ ಹೂವಿನ ಕೇಸರಗಳನ್ನು ಸಿಕ್ಕಿಸಿ ಎಳೆದಾಡುವ ಆಟವೂ ಸೇರಿಕೊಳ್ಳುತ್ತದೆ.

ಹೊರಗೆ ಹೋಗುವುದಾದರೆ, ಪುಟ್ಟ ಮಕ್ಕಳಿಗೆ ಬಸ್ಸು ರೈಲಿನ ಪ್ರಯಾಣವೇ ಅರ್ಧ ವಿಹಾರ. 2023ರ ಜೂನ್ 11ರಿಂದ ಜಾರಿಯಲ್ಲಿರುವ ಶಕ್ತಿ ಯೋಜನೆಯಡಿ ರಾಜ್ಯದ ಮಹಿಳೆಯರು, ವಿದ್ಯಾರ್ಥಿನಿಯರು ರಾಜ್ಯದೊಳಗೆ ಸರ್ಕಾರಿ ಸಾಮಾನ್ಯ ಬಸ್ಸುಗಳಲ್ಲಿ ಉಚಿತವಾಗಿ ಓಡಾಡಬಹುದು. ರಾಜಹಂಸ, ಎಸಿ, ಸ್ಲೀಪರ್ ಬಸ್ಸುಗಳಿಗೆ ಇದು ಅನ್ವಯಿಸುವುದಿಲ್ಲ. ರೈಲಿನಲ್ಲಿ ಐದು ವರ್ಷದೊಳಗಿನ ಮಗುವಿಗೆ ಬೇರೆ ಆಸನ ಬೇಡವೆಂದರೆ ಟಿಕೆಟ್ ಬೇಕಿಲ್ಲ. ಬೆಂಗಳೂರಿನವರಿಗೆ 1870ರ ಕಬ್ಬನ್ ಪಾರ್ಕ್ ಇದೆ, ಪ್ರವೇಶ ಶುಲ್ಕವಿಲ್ಲ. ಲಾಲ್‌ಬಾಗ್‌ಗೆ ಟಿಕೆಟ್ ಇದ್ದರೂ ಅಲ್ಲಿನ ಬಂಡೆಗಾಗಿ ಕೊಡಬಹುದು: ಸುಮಾರು 300 ಕೋಟಿ ವರ್ಷ ಹಳೆಯ ಕಲ್ಲಿನ ಮೇಲೆ ಮಗು ಓಡಾಡಬಹುದಾದ ಜಾಗ ಅದು. ಮೈಸೂರಿನಲ್ಲಿ 1979ರಲ್ಲಿ ಶುರುವಾದ ರೈಲು ವಸ್ತುಸಂಗ್ರಹಾಲಯದ ಹಳೆಯ ಎಂಜಿನ್ನುಗಳ ಮುಂದೆ ಮಕ್ಕಳಿಗೆ ಹೊತ್ತು ಹೋಗುವುದೇ ತಿಳಿಯದು.

ಇಂಥ ದಿನಗಳಲ್ಲಿ ಜೇಬಿಗೆ ಭಾರವಾಗುವುದು ಟಿಕೆಟ್‌ಗಿಂತ ಊಟ ತಿಂಡಿ. ಬುತ್ತಿಯಲ್ಲಿ ಚಿತ್ರಾನ್ನ, ಮೊಸರನ್ನ, ಬಾಟಲಿಯಲ್ಲಿ ನೀರುಮಜ್ಜಿಗೆ ಇದ್ದರೆ ಹೋಟೆಲಿನ ಬಿಲ್ಲು ಉಳಿಯುತ್ತದೆ. ಹಾಗೆಂದು ಎಲ್ಲಕ್ಕೂ ಬೇಡ ಎನ್ನುವುದು ಸರಿಯಲ್ಲ. ಮನೆ ಬಿಡುವ ಮೊದಲೇ ಮಗುವಿನ ಕೈಗೊಂದು ಸಣ್ಣ ನೋಟು ಕೊಟ್ಟು, ಇವತ್ತು ನಿನ್ನ ಖರ್ಚು ಇಷ್ಟೇ ಎಂದು ಹೇಳಿದರೆ, ಐಸ್‌ಕ್ರೀಮೋ ಬಲೂನೋ ಎಂದು ಮಗುವೇ ಯೋಚಿಸುತ್ತದೆ. ಅಂಗಡಿ ಮುಂದಿನ ಹಟ ಕಡಿಮೆಯಾಗಲು ಲೇಖಕಿಯ ಮನೆಯಲ್ಲಿ ಇದಕ್ಕಿಂತ ಒಳ್ಳೆಯ ಉಪಾಯ ಸಿಕ್ಕಿಲ್ಲ.

ಮಲಗುವ ಮುನ್ನದ ಕತೆಗೂ ಕಾಸು ಖರ್ಚಿಲ್ಲ. ಬೆಂಗಳೂರಿನ ಪ್ರಥಮ್ ಬುಕ್ಸ್ 2015ರಲ್ಲಿ ಆರಂಭಿಸಿದ ಸ್ಟೋರಿವೀವರ್ ತಾಣದಲ್ಲಿ ಕನ್ನಡದ ಚಿತ್ರಕತೆಗಳನ್ನು ಉಚಿತವಾಗಿ ಓದಬಹುದು, ಮುದ್ರಿಸಿಕೊಳ್ಳಬಹುದು. ಹಳ್ಳಿಗಳಲ್ಲಿ ಗ್ರಾಮ ಪಂಚಾಯಿತಿ ಗ್ರಂಥಾಲಯಗಳು ಮಕ್ಕಳಿಗೆ ಉಚಿತ ಸದಸ್ಯತ್ವ ಕೊಡುತ್ತವೆ. ರಜೆ ಶುರುವಾಗುವ ಮೊದಲೇ ಒಮ್ಮೆ ಹೋಗಿ ಮಗುವಿನ ಹೆಸರು ಬರೆಸಿಬನ್ನಿ.