ಮುರಿದ ಮಣೆ, ಸೀಳಿದ ಸೌಟು: ಅಂಟಿಸಿ ಗೆಲ್ಲಲು ಹನ್ನೆರಡು ಸೂತ್ರಗಳು

ಚಪಾತಿ ಮಣೆ ಎರಡು ಹೋಳಾಗಿದೆ, ಸೌಟಿನ ಹಿಡಿ ಸೀಳಿದೆ, ಮಸಾಲೆ ಡಬ್ಬಿಯ ಮುಚ್ಚಳ ಬಿರುಕು ಬಿಟ್ಟಿದೆ. ಕೈಗೆ ಸಿಕ್ಕ ಅಂಟು ಮೆತ್ತಿದರೆ ಒಂದೋ ಅದು ಬೇಗ ಬಿಟ್ಟುಕೊಳ್ಳುತ್ತದೆ, ಇಲ್ಲವೇ ಊಟದ ಜೊತೆ ಏನು ಹೊಟ್ಟೆಗೆ ಹೋಗುತ್ತಿದೆಯೋ ಎಂಬ ಅನುಮಾನ ಉಳಿಯುತ್ತದೆ. ಎರಡಕ್ಕೂ ಮದ್ದು ಒಂದೇ: ಮರಕ್ಕೆ ಮರ ಬಿಗಿಯಾಗಿ ಕೂತು, ನಡುವೆ ಕೂದಲೆಳೆಯಷ್ಟೇ ಅಂಟು ಉಳಿಯಬೇಕು. ಗಟ್ಟಿ ಜೋಡಣೆಯೂ ಅದೇ, ಊಟಕ್ಕೆ ಸುರಕ್ಷಿತವಾದದ್ದೂ ಅದೇ.

1. ಮೊದಲು ಮುರಿತ ನೋಡಿ
ಮರ ಎಳೆಯ ಉದ್ದಕ್ಕೆ ಸೀಳಿದ್ದರೆ ನಿಮ್ಮ ಅದೃಷ್ಟ ಚೆನ್ನಾಗಿದೆ. ಅಂಥ ಕಡೆ ಒಳ್ಳೆಯ ಮರದ ಅಂಟು ಮರಕ್ಕಿಂತ ಗಟ್ಟಿಯಾಗಿ ಹಿಡಿಯುತ್ತದೆ. ಎಳೆಗೆ ಅಡ್ಡಲಾಗಿ ತುಂಡಾಗಿದ್ದರೆ, ಕಡಿದ ಎಳೆಗಳ ತುದಿ ಅಂಟನ್ನೆಲ್ಲ ಹೀರಿಕೊಂಡು ಜೋಡಣೆಯನ್ನು ಬಡವಾಗಿಸುತ್ತವೆ. ಅಲ್ಲಿ ಅಂಟೊಂದೇ ಸಾಲದು.

2. ಎಲ್ಲವನ್ನೂ ಉಳಿಸಲು ಹೋಗಬೇಡಿ
ಚಪಾತಿ ಮಣೆ, ತರಕಾರಿ ಹೆಚ್ಚುವ ಹಲಗೆ, ಮಸಾಲೆ ಡಬ್ಬಿ, ಹಿಡಿಯ ಮೇಲ್ಭಾಗ: ಇವು ಅಂಟಿಸಲು ಯೋಗ್ಯ. ಕುದಿಯುವ ಸಾರಿನಲ್ಲಿ ಮುಳುಗುವ ಸೌಟಿನ ತಲೆ ಯೋಗ್ಯವಲ್ಲ. ನಡುವೆ ಮುರಿದ ಮುದ್ದೆ ಕೋಲನ್ನು ಮರೆತುಬಿಡಿ. ಅದಕ್ಕೆ ಬಿಸಿಯೂ ಉಂಟು, ಪೂರ್ತಿ ತೋಳಿನ ಬಲವೂ ಉಂಟು. ಈಳಿಗೆ ಮಣೆಯಲ್ಲಿ ಅಲಗು ಕೂತ ಜಾಗವೇ ಬಿರಿದಿದ್ದರೆ ಹಲಗೆ ಬದಲಿಸಿ. ಬೆರಳಿಗಿಂತ ಮಣೆ ದೊಡ್ಡದಲ್ಲ. ಬಿರುಕಿನೊಳಗೆ ಕಪ್ಪು ಬೂಸ್ಟು ಇಳಿದಿದ್ದರೂ, ಹುಳು ಕೊರೆದು ಪುಡಿ ಉದುರುತ್ತಿದ್ದರೂ ಅಂಟಿನ ಖರ್ಚು ದಂಡ.

3. ‘ಫುಡ್ ಸೇಫ್’ ಎಂದರೆ ತಿನ್ನಬಹುದು ಎಂದಲ್ಲ
ಅಮೆರಿಕದ ಆಹಾರ ಮತ್ತು ಔಷಧ ಆಡಳಿತದ ನಿಯಮವು ಅಂಟುಗಳಿಗೆ ಪರೋಕ್ಷ ಸಂಪರ್ಕದ ಮಟ್ಟಿಗೆ ಮಾತ್ರ ಒಪ್ಪಿಗೆ ಕೊಡುತ್ತದೆ. ಎಂದರೆ, ಅಂಟು ಮತ್ತು ಆಹಾರದ ನಡುವೆ ತಡೆ ಇರಬೇಕು, ಇಲ್ಲವೇ ಕೂಡುಗೆರೆಯ ಅಂಚಿನಲ್ಲಿ ಅತ್ಯಲ್ಪ ಪ್ರಮಾಣ ಮಾತ್ರ ತಾಗಬೇಕು. ಬಿರುಕಿಗೆ ಅಂಟು ಸುರಿದು ತುಂಬಿದರೆ ಆ ಭರವಸೆ ಅಲ್ಲಿಗೇ ಮುಗಿಯಿತು.

4. ಡಬ್ಬದ ಮೇಲಿನ ಅಕ್ಷರ ಓದಿ
ಟೈಟ್‌ಬಾಂಡ್ 2 ಮತ್ತು ಟೈಟ್‌ಬಾಂಡ್ 3 ಈ ಬಗೆಯ ಒಪ್ಪಿಗೆ ಇರುವ ಹೆಸರಾಂತ ಅಂಟುಗಳು. ನೀರನ್ನು ಹೆಚ್ಚು ತಡೆಯುವುದು 3. ಹಾರ್ಡ್‌ವೇರ್ ಅಂಗಡಿಯಲ್ಲಿ ಸಿಗುವ ಸಾಮಾನ್ಯ ಬಿಳಿ ಅಂಟು ಪೀಠೋಪಕರಣಕ್ಕೆ ಸೈ, ಆದರೆ ನೆನೆದರೆ ಮೆತ್ತಗಾಗುತ್ತದೆ. ನೀರು ತಡೆಯುವ ಬಗೆಯನ್ನೇ ತಂದರೂ, ಆಹಾರ ಸಂಪರ್ಕದ ಮಾತು ಲೇಬಲ್ಲಿನಲ್ಲಿ ಇಲ್ಲವೆಂದರೆ ಅದನ್ನು ಮಣೆಯ ಕಾಲಿಗೆ, ಹಿಡಿಯ ತುದಿಗೆ ಮೀಸಲಿಡಿ.

5. ಕ್ಷಣದಲ್ಲಿ ಹಿಡಿಯುವ ಅಂಟಿಗೆ ಮರುಳಾಗಬೇಡಿ
ಸೂಪರ್ ಗ್ಲೂ ಬೇಗ ಹಿಡಿಯುತ್ತದೆ ನಿಜ. ಆದರೆ ಒಣಗಿದ ಮೇಲೆ ಪೆಡಸು. ಬಡಿತ ತಡೆಯದು, ಬಿಸಿಗೂ ಬಾಳದು. ಅದನ್ನು ಹತ್ತಿಬಟ್ಟೆಯಲ್ಲಿ ಒರೆಸಲೇಬೇಡಿ: ಹತ್ತಿ ತಾಗಿದರೆ ಈ ಅಂಟು ಒಮ್ಮೆಲೇ ಕಾದು ಚರ್ಮ ಸುಡಬಲ್ಲದು. ಎಪಾಕ್ಸಿಗೆ ಸಂದು ತುಂಬುವ ಗುಣವಿದೆ. ಆದರೆ ಎರಡು ಟ್ಯೂಬಿನ ಅಳತೆ ತಪ್ಪಿದರೆ ಒಂದಂಶ ಹಸಿಯಾಗಿಯೇ ಉಳಿಯುತ್ತದೆ. ಕೋಣೆಯ ಶಾಖದಲ್ಲಿ ಗಟ್ಟಿಯಾಗುವ ಹಲವು ಎಪಾಕ್ಸಿಗಳು 60 ಡಿಗ್ರಿ ಸೆಲ್ಸಿಯಸ್ ಆಸುಪಾಸಿನಲ್ಲೇ ಸಡಿಲಗೊಳ್ಳುತ್ತವೆ. ಆಹಾರ ಸಂಪರ್ಕಕ್ಕೆಂದೇ ತಯಾರಿಸಿದ್ದು ಸಿಕ್ಕರೆ ಮಾತ್ರ ಬಳಸಿ.

6. ಒಣ ಸಾಮಾನಿಗೆ ಹಾಲು ಮತ್ತು ಸುಣ್ಣ ಸಾಕು
ಕೆನೆ ತೆಗೆದ ಹಾಲನ್ನು ಹುಳಿ ಹಿಂಡಿ ಒಡೆಯಿರಿ. ಗಟ್ಟಿಯನ್ನು ಸೋಸಿ, ತೊಳೆದು, ಹಿಂಡಿ. ಅದಕ್ಕೆ ಎಲೆಅಡಿಕೆಯ ಸುಣ್ಣವನ್ನು ಕೊಂಚ ಕೊಂಚವಾಗಿ ಬೆರೆಸಿ ನುಣ್ಣಗೆ ಅರೆದರೆ ಕೇಸೀನ್ ಅಂಟು ಸಿದ್ಧ. ಮೊದಲ ಮಹಾಯುದ್ಧದ ಕಾಲದ ಮರದ ವಿಮಾನಗಳ ಭಾಗಗಳನ್ನು ಹಿಡಿದಿದ್ದುದು ಇದೇ ಜಾತಿಯ ಅಂಟು. ಕಲಸಿದ ದಿನವೇ ಬಳಸಿ ಮುಗಿಸಿ. ಸದಾ ಒದ್ದೆಯಾಗುವ ಕಡೆ ಇದು ಬೂಸ್ಟು ಹಿಡಿಯುತ್ತದೆ. ಮಸಾಲೆ ಡಬ್ಬಿಯಂಥ ಒಣ ಸಾಮಾನಿಗೆ ಇಟ್ಟುಕೊಳ್ಳಿ.

7. ಜಿಡ್ಡು ಬಿಡಿಸಿ, ಪೂರ್ತಿ ಒಣಗಿಸಿ
ಅಡುಗೆಮನೆಯ ಮರ ಎಣ್ಣೆ ಕುಡಿದಿರುತ್ತದೆ, ಎಣ್ಣೆಯ ಮೇಲೆ ಯಾವ ಅಂಟೂ ನಿಲ್ಲದು. ಬಿಸಿನೀರು, ಪಾತ್ರೆ ತೊಳೆಯುವ ಸೋಪು, ಹಳೆಯ ಹಲ್ಲುಜ್ಜುವ ಬ್ರಷ್ಷು ಹಿಡಿದು ಮುರಿದ ಮುಖವನ್ನು ಉಜ್ಜಿ. ಆಮೇಲೆ ಎರಡು ಮೂರು ದಿನ ನೆರಳಲ್ಲಿ ಒಣಗಿಸಿ. ಬಿಸಿಲಿಗೆ ಇಟ್ಟರೆ ಹೊಸ ಬಿರುಕು ಬರುತ್ತದೆ. ಮಳೆಗಾಲವಾದರೆ ಇನ್ನಷ್ಟು ದಿನ ಕೊಡಿ.

8. ಮುರಿದ ಮುಖಕ್ಕೆ ಉಪ್ಪುಕಾಗದ ಹಾಕಬೇಡಿ
ಹೊಸದಾಗಿ ಮುರಿದ ಎರಡು ಮುಖಗಳ ಏರುತಗ್ಗು ಒಂದಕ್ಕೊಂದು ಕಚ್ಚಿಕೊಳ್ಳುತ್ತವೆ. ಉಜ್ಜಿ ನಯ ಮಾಡಿದರೆ ಆ ಹೊಂದಿಕೆ ಹಾಳಾಗಿ ಸಂದು ಹುಟ್ಟುತ್ತದೆ. ಅಂಟಿಲ್ಲದೆ ಒಮ್ಮೆ ಕೂಡಿಸಿ ನೋಡಿ. ಗೆರೆ ಕಣ್ಣಿಗೆ ಕಾಣದಂತೆ ಕೂತರೆ ಅರ್ಧ ಕೆಲಸ ಆದಂತೆ. ಕೂರದಿದ್ದರೆ ನಡುವೆ ಸಿಕ್ಕಿಕೊಂಡ ಸಿಬಿರು ಹುಡುಕಿ ತೆಗೆಯಿರಿ.

9. ತೆಳ್ಳಗೆ ಸವರಿ, ಬಿಗಿಯಾಗಿ ಕಟ್ಟಿ
ಎರಡೂ ಮುಖಕ್ಕೆ ತೆಳುವಾಗಿ, ಎಲ್ಲ ಮೂಲೆಗೂ ಮುಟ್ಟುವಂತೆ ಅಂಟು ಸವರಿ. ಕೈಯಲ್ಲಿರುವುದು ಸುಮಾರು ಹತ್ತು ನಿಮಿಷ. ಕಟ್ಟುವ ಸಾಮಾನನ್ನು ಮೊದಲೇ ಹತ್ತಿರ ಇಟ್ಟುಕೊಳ್ಳಿ. ಮಣೆಗೆ ಕ್ಲ್ಯಾಂಪ್ ಒಳ್ಳೆಯದು. ಸೌಟು, ಲಟ್ಟಣಿಗೆಯಂಥ ದುಂಡು ಸಾಮಾನಿಗೆ ಹಳೆಯ ಸೈಕಲ್ ಟ್ಯೂಬನ್ನು ಪಟ್ಟಿಯಾಗಿ ಕತ್ತರಿಸಿ, ಎಳೆದೆಳೆದು ಸುತ್ತಿ. ಅದಕ್ಕಿಂತ ಸಮನಾದ ಬಿಗಿ ಬೇರೆಯದರಲ್ಲಿ ಸಿಗುವುದು ಕಷ್ಟ. ಉದ್ದಕ್ಕೂ ಸಣ್ಣ ಹನಿಗಳು ಹೊರಬಂದರೆ ಅಂಟು ಎಲ್ಲ ಕಡೆ ತಲುಪಿದೆ ಎಂದರ್ಥ. ಅವನ್ನು ಒದ್ದೆ ಬಟ್ಟೆಯಲ್ಲಿ ಆಗಲೇ ಒರೆಸಿ. 24 ಗಂಟೆ ಮುಟ್ಟಬೇಡಿ.

10. ಅಡ್ಡ ಮುರಿತಕ್ಕೆ ಬಿದಿರಿನ ಮೊಳೆ
ಎರಡೂ ತುಂಡಿನ ನಡುವಿಗೆ ಎದುರುಬದುರು ತೂತು ಕೊರೆದು, ಒಣಗಿದ ಬಿದಿರಿನ ಮೊಳೆಗೆ ಅಂಟು ಸವರಿ ಕೂರಿಸಿ. ತೂತಿನ ಆಳ ಮೊಳೆಗಿಂತ ತುಸು ಹೆಚ್ಚಿರಲಿ, ಇಲ್ಲದಿದ್ದರೆ ಸಿಕ್ಕಿಬಿದ್ದ ಅಂಟು ತುಂಡುಗಳನ್ನು ದೂರ ತಳ್ಳುತ್ತದೆ. ಕಬ್ಬಿಣದ ಮೊಳೆ ಬೇಡ. ತುಕ್ಕು ಹಿಡಿದು ಮರವನ್ನೇ ಸೀಳುತ್ತದೆ.

11. ಎಣ್ಣೆ ಕೊನೆಗೆ
ಅಂಟು ಗಟ್ಟಿಯಾದ ಮೇಲೆ 120, ಆಮೇಲೆ 220 ನಂಬರಿನ ಉಪ್ಪುಕಾಗದದಲ್ಲಿ ಮೇಲ್ಮೈ ಉಜ್ಜಿ. ಅಂಟಿನ ಕಲೆ ಉಳಿದರೆ ಅಲ್ಲಿ ಎಣ್ಣೆ ಇಂಗದು. ಚನ್ನಪಟ್ಟಣದ ಅರಗು ಬಳಿದ ಸಾಮಾನಿಗೆ ಮಾತ್ರ ಉಪ್ಪುಕಾಗದ ಬೇಡ, ಬಣ್ಣವೇ ಎದ್ದು ಬರುತ್ತದೆ. ಬರಿಯ ಮರಕ್ಕೆ ಮೆಡಿಕಲ್ ಅಂಗಡಿಯ ಲಿಕ್ವಿಡ್ ಪ್ಯಾರಫಿನ್ ಒಳ್ಳೆಯ ಆಯ್ಕೆ, ಅದು ಹಳಸುವುದಿಲ್ಲ. ಸೂರ್ಯಕಾಂತಿ ಎಣ್ಣೆ ಕಮಟು ಹಿಡಿದು ಅಂಟಂಟಾಗುತ್ತದೆ. ಅಗಸೆ ಎಣ್ಣೆ ಬಳಸಿದರೆ ಒರೆಸಿದ ಬಟ್ಟೆಯನ್ನು ಮುದುಡಿ ಎಸೆಯಬೇಡಿ, ತಾನಾಗಿಯೇ ಬೆಂಕಿ ಹತ್ತಬಲ್ಲದು. ಬಿಡಿಸಿ ಹರವಿ ಒಣಗಿಸಿ.

12. ನೆನೆಹಾಕಬೇಡಿ, ಎರಡನೆಯ ಸಲ ಯೋಚಿಸಿ
ರಿಪೇರಿಯಾದ ಮರವನ್ನು ಸಿಂಕಿನ ನೀರಿನಲ್ಲಿ, ಡಿಷ್‌ವಾಷರಿನಲ್ಲಿ ಬಿಡಬೇಡಿ. ತೊಳೆದು, ಒರೆಸಿ, ನೆಟ್ಟಗೆ ನಿಲ್ಲಿಸಿ. ಆಗಾಗ ಕೂಡುಗೆರೆಯ ಮೇಲೆ ಉಗುರು ಎಳೆದು ನೋಡಿ. ಉಗುರು ಸಿಕ್ಕಿಕೊಂಡರೆ ಗೆರೆ ಬಾಯಿಬಿಡುತ್ತಿದೆ. ಅಲ್ಲಿ ಹಿಟ್ಟು ಸೇರುತ್ತದೆ, ಹಿಂದೆಯೇ ಬೂಸ್ಟು. ಹಳೆಯ ಅಂಟಿನ ಮೇಲೆ ಹೊಸ ಅಂಟು ಹಿಡಿಯದು, ಹಳೆಯದನ್ನು ಮರ ಕಾಣುವವರೆಗೆ ಕೆರೆಯಬೇಕು. ಕೆರೆದ ಮೇಲೂ ತುಂಡುಗಳು ಬಿಗಿಯಾಗಿ ಕೂತರೆ ಇನ್ನೊಮ್ಮೆ ಅಂಟಿಸಿ. ಸಂದು ಕಂಡರೆ ಅದಕ್ಕೆ ಅಂಟು ಸುರಿಯುವ ಬದಲು ಬಡಗಿಯ ಬಳಿ ಹೊಸ ಮಣೆ ಮಾಡಿಸಿ.