ಸೊರಗಿದ ಹಿತ್ತಲ ಲಿಂಬೆ: ಮೊದಲು ಬುಡ ನೋಡಿ

ಇಂಡಿ, ಸಿಂದಗಿ ಕಡೆ ಲಿಂಬೆಯ ತೋಟಗಳೇ ಇವೆ. ತಾಳಿಕೋಟೆಯಲ್ಲಿ ಹಿತ್ತಲಿಗೊಂದು ಗಿಡವಿದ್ದರೆ ಮನೆಯ ಉಪ್ಪಿನಕಾಯಿಗೆ ಚಿಂತೆಯಿಲ್ಲ. ಅಂಥದೊಂದು ಹತ್ತು ವರ್ಷದ ಗಿಡದ ಎಲೆಗಳನ್ನು ಅಲ್ಲಿನ ಗೃಹಸ್ಥರೊಬ್ಬರು ತಂದು ತೋರಿಸಿದರು. “ಗೊಬ್ಬರ ಹಾಕೇವ್ರಿ, ದಿನಾ ನೀರು ಬಿಡತೇವ್ರಿ, ಆದರೂ ಒಣಗಾಕತ್ತೈತ್ರಿ” ಎಂದರು.

ಎಲೆ ಹಳದಿಯಾಯಿತೆಂದು ಗೊಬ್ಬರ ಸುರಿಯಬಾರದು. ಚಿಗುರೆಲೆಯಲ್ಲಿ ನರಗಳು ಹಸಿರಾಗಿಯೇ ಇದ್ದು ನಡುವಿನ ಭಾಗ ಹಳದಿಯಾದರೆ ಕಬ್ಬಿಣದ ಕೊರತೆ. ಸುಣ್ಣದ ಅಂಶವುಳ್ಳ ನಮ್ಮ ಎರೆಮಣ್ಣಿನಲ್ಲಿ ಇದು ಸಾಮಾನ್ಯ. ಎಲೆಯ ತುದಿ ಸುಟ್ಟಂತಿದ್ದರೆ ನೀರಿನ ಉಪ್ಪನ್ನು ಸಂಶಯಿಸಬೇಕು. ಡೋಣಿ ದಂಡೆಯವರಿಗೆ ಇದನ್ನು ಹೇಳಬೇಕಾಗಿಲ್ಲ. ಇವರು ತಂದ ಎಲೆಗಳಲ್ಲಿ ನರಗಳೇ ಹಳದಿಯಾಗಿದ್ದವು. ಇದು ಬುಡದ ರೋಗದ ಗುರುತು.

ಹೋಗಿ ನೋಡಿದರೆ ಬೊಡ್ಡೆಯ ಸುತ್ತ ಒಂದು ಅಡಿ ಮಣ್ಣೇರಿಸಿ ಕಟ್ಟೆ ಕಟ್ಟಿದ್ದರು. ಬಚ್ಚಲ ನೀರು ನೇರವಾಗಿ ಅಲ್ಲಿಗೇ! ಮಣ್ಣು ಸರಿಸಿದಾಗ ತೊಗಟೆ ಕಂದಾಗಿ ಕೊಳೆತು, ಬಿರುಕಿನಿಂದ ಅಂಟು ಸೋರುತ್ತಿತ್ತು. ಫೈಟಾಫ್ಥೊರ ಎಂಬ ಶಿಲೀಂಧ್ರದಂಥ ರೋಗಾಣುವಿನ ಕೆಲಸವಿದು. ನಿಂತ ನೀರಿನಲ್ಲಿ ಅದು ಹಬ್ಬುತ್ತದೆ, ಎರೆಮಣ್ಣು ನೀರನ್ನು ಬೇಗ ಬಿಡುವುದಿಲ್ಲ.

ಮೊದಲು ಮೇಲ್ಬೇರು ಕಾಣುವವರೆಗೆ ಮಣ್ಣು ತೆಗೆದು ಬುಡಕ್ಕೆ ಗಾಳಿಯಾಡಿಸಿರಿ. ಕೊಳೆತ ತೊಗಟೆಯನ್ನು ಹರಿತವಾದ ಚಾಕುವಿನಿಂದ ಆರೋಗ್ಯವಂತ ತೊಗಟೆ ಕಾಣುವವರೆಗೆ ಕೆತ್ತಿ, ಚೂರುಗಳನ್ನು ಸುಟ್ಟುಬಿಡಿರಿ. ಗಾಯಕ್ಕೆ ಬೋರ್ಡೊ ಮುಲಾಮು ಹಚ್ಚಬೇಕು. 100 ಗ್ರಾಂ ಮೈಲುತುತ್ತವನ್ನು ಅರ್ಧ ಲೀಟರ್ ನೀರಿನಲ್ಲಿ ಕರಗಿಸಿ. 100 ಗ್ರಾಂ ಸುಟ್ಟ ಸುಣ್ಣವನ್ನು ಇನ್ನರ್ಧ ಲೀಟರಿನಲ್ಲಿ ಅರಳಿಸಿ, ಆರಿದ ಮೇಲೆ ಎರಡನ್ನೂ ಕೂಡಿಸಿರಿ. ಮಣ್ಣಿನ ಅಥವಾ ಪ್ಲಾಸ್ಟಿಕ್ ಪಾತ್ರೆಯೇ ಆಗಬೇಕು, ಕಬ್ಬಿಣದ್ದು ಬೇಡ. ಉಜ್ಜಿದ ಚಾಕುವನ್ನು ಅದ್ದಿದಾಗ ಕೆಂಪು ಲೇಪ ಕಂಡರೆ ಇನ್ನಷ್ಟು ಸುಣ್ಣ ಸೇರಿಸಿರಿ. ಬುಡದಿಂದ ಎರಡು ಅಡಿ ಎತ್ತರದವರೆಗೆ ಮಳೆಗಾಲಕ್ಕೆ ಮುಂಚೆ ಒಮ್ಮೆ, ಮುಗಿದ ಮೇಲೆ ಒಮ್ಮೆ ಹಚ್ಚಿರಿ. ಬೇರಿನ ಸುತ್ತಲ ಮಣ್ಣಿಗೆ ಲೀಟರ್ ನೀರಿಗೆ 3 ಗ್ರಾಂ ತಾಮ್ರದ ಆಕ್ಸಿಕ್ಲೋರೈಡ್ ಬೆರೆಸಿ ಸುರಿಯಬಹುದು.

ನೀರಿನ ದಾರಿ ಬದಲಿಸದಿದ್ದರೆ ಇದೆಲ್ಲ ವ್ಯರ್ಥ. ಬೊಡ್ಡೆಗೆ ತಾಗದಂತೆ ಒಳಗೊಂದು ಒಣ ಏರಿ ಮಾಡಿ, ಟೊಂಗೆಗಳ ನೆರಳಿನಂಚಿನಲ್ಲಿ ಮಾತ್ರ ನೀರುಣಿಸಿರಿ. ಮಣ್ಣು ಒಣಗಿದ ಹೊರತು ಮತ್ತೆ ನೀರು ಬೇಡ. ಒಣ ಟೊಂಗೆ ಕತ್ತರಿಸಿರಿ, ಹೊಸ ಚಿಗುರು ಬರುವವರೆಗೆ ಗೊಬ್ಬರ ಹಾಕಬೇಡಿರಿ.

ಕೊಳೆತ ತೊಗಟೆ ಬೊಡ್ಡೆಯನ್ನು ಪೂರ್ತಿ ಸುತ್ತಿದ್ದರೆ ಗಿಡ ಉಳಿಯದು; ಕಿತ್ತು, ಹೊಸ ಸಸಿಯನ್ನು ಬಚ್ಚಲಿನಿಂದ ದೂರ, ದಿಬ್ಬದ ಮೇಲೆ ನೆಡಿರಿ. ಈ ಗೃಹಸ್ಥರ ಗಿಡದಲ್ಲಿ ಕೊಳೆತದ್ದು ಮೂರನೆಯ ಒಂದು ಭಾಗ ಮಾತ್ರ. ಬಚ್ಚಲ ನೀರು ಈಗ ಬಾಳೆಗೆ ಹೋಗುತ್ತಿದೆ.